ಮೊದಲು ‘ಗ್ಯಾಸ್ಟ್ರಿಕ್’ ಅನ್ನುವುದನ್ನು ಬಿಡಿ: ಹೊಟ್ಟೆ ಗೆಲ್ಲಲು ಹದಿನಾಲ್ಕು ಸೂತ್ರಗಳು

ಸಂಜೆ ಏಳರ ಹೊತ್ತಿಗೆ ನಿಮ್ಮ ಬೀದಿಯ ಮೆಡಿಕಲ್ ಸ್ಟೋರ್ ಮುಂದೆ ಹತ್ತು ನಿಮಿಷ ನಿಂತು ನೋಡಿ. ‘ಗ್ಯಾಸ್ಟ್ರಿಕ್‌ಗೆ ಏನಾದ್ರೂ ಕೊಡಿ’ ಎಂದು ಕೇಳುವವರು ಇಬ್ಬರಾದರೂ ಬರುತ್ತಾರೆ. ಒಬ್ಬರಿಗೆ ಎದೆಯುರಿ. ಇನ್ನೊಬ್ಬರಿಗೆ ಮೂರು ದಿನದಿಂದ ಹೊಟ್ಟೆ ಹೋಗಿಲ್ಲ. ಇಬ್ಬರ ಕೈಗೂ ಬೀಳುವುದು ಅದೇ ಮಾತ್ರೆ, ಅದೇ ಹತ್ತರ ಸ್ಟ್ರಿಪ್.

ನಮ್ಮ ಅಜ್ಜಿಯರ ಬಾಯಲ್ಲಿ ಇದಕ್ಕೆಲ್ಲ ಬೇರೆ ಬೇರೆ ಮಾತಿತ್ತು: ಹುಳಿತೇಗು, ಎದೆಯುರಿ, ಹೊಟ್ಟೆಯುಬ್ಬರ, ತೊಳಸು, ನುಲಿತ, ಆಮಶಂಕೆ, ಅಜೀರ್ಣ. ಆ ಮಾತುಗಳನ್ನೆಲ್ಲ ಮೂಟೆ ಕಟ್ಟಿ ಅಟ್ಟಕ್ಕೆ ಹಾಕಿ, ಬರೀ ‘ಜಠರದ’ ಎಂಬ ಅರ್ಥದ ಒಂದು ಇಂಗ್ಲಿಷ್ ಪದವನ್ನು ಕಾಯಿಲೆಯ ಹೆಸರು ಮಾಡಿಕೊಂಡಿದ್ದೇವೆ. ನಾನು ವೈದ್ಯನಲ್ಲ. ಪತ್ರಿಕೆಯ ರಾತ್ರಿ ಪಾಳಿಯಲ್ಲಿ ಇಪ್ಪತ್ತು ವರ್ಷ ದುಡಿದು ಹೊಟ್ಟೆ ಕೆಡಿಸಿಕೊಂಡವನು. ವೈದ್ಯರಿಂದ ಬೈಸಿಕೊಂಡು, ಓದಿ, ತಪ್ಪು ಮಾಡಿ ಕಲಿತ ಸೂತ್ರಗಳಿವು.

1. ನೋವಿಗೆ ಅದರದೇ ಹೆಸರಿಡಿ

ಎದೆಮೂಳೆಯ ಹಿಂದೆ ಉರಿ, ಬಗ್ಗಿದರೆ ಹೆಚ್ಚು, ಬಾಯಿಗೆ ಹುಳಿನೀರು ಬಂತೆಂದರೆ ಜಠರದ ಆಮ್ಲ ಅನ್ನನಾಳಕ್ಕೆ ಏರುತ್ತಿದೆ. ಹೊಟ್ಟೆಯ ಮೇಲ್ಭಾಗದ ನಡುವೆ ಕೊರೆದಂತಾದರೆ ಅನುಮಾನ ಜಠರದ ಮೇಲೆ. ಬಲಪಕ್ಕೆಲುಬಿನ ಕೆಳಗೆ ನೋವು ಹಿಡಿದು, ಮದುವೆಮನೆ ಊಟವಾದ ಮೇಲೆ ಜಾಸ್ತಿಯಾಗಿ ಬಲ ಹೆಗಲವರೆಗೆ ಹೋದರೆ ಪಿತ್ತಕೋಶದಲ್ಲಿ ಕಲ್ಲಿರಬಹುದು. ಹೊಕ್ಕುಳಿನ ಕೆಳಗೆ ನುಲಿದು, ಕಕ್ಕಸಿಗೆ ಹೋಗಿ ಬಂದೊಡನೆ ಹಗುರಾದರೆ ಅದು ಕರುಳಿನ ಕತೆ.

ಇಷ್ಟರಿಂದ ನೀವೇ ರೋಗ ಪತ್ತೆ ಮಾಡಿಬಿಡಿ ಎಂದು ಹೇಳುತ್ತಿಲ್ಲ. ಎಲ್ಲಿ, ಯಾವಾಗ, ಉಣ್ಣುವ ಮೊದಲೋ ಉಂಡ ಮೇಲೋ ಎಂಬ ಮೂರು ಪ್ರಶ್ನೆಗೆ ಉತ್ತರ ಇಟ್ಟುಕೊಂಡು ಹೋದರೆ ವೈದ್ಯರ ಅರ್ಧ ಕೆಲಸ ಮುಗಿಯುತ್ತದೆ. ‘ಗ್ಯಾಸ್ಟ್ರಿಕ್ ಸಾರ್’ ಅಂದರೆ ಅವರು ಮೊದಲಿನಿಂದ ಶುರುಮಾಡಬೇಕು.

2. ಎದೆನೋವನ್ನು ಸೋಡಾ ಕುಡಿದು ಪರೀಕ್ಷಿಸಬೇಡಿ

ಇದೊಂದಕ್ಕೆ ಸ್ವಲ್ಪ ಜಾಗ ಬೇಕು, ಏಕೆಂದರೆ ಇಲ್ಲಿ ತಪ್ಪಿದರೆ ಉಳಿದ ಹನ್ನೆರಡು ಸೂತ್ರ ಓದಲು ನೀವಿರುವುದಿಲ್ಲ.

ನನ್ನ ಸೋದರಮಾವ ತಿಪಟೂರಿನ ಕಡೆಯವರು, ತೆಂಗಿನ ತೋಟದವರು. ಒಂದು ಬೆಳಿಗ್ಗೆ ಐದಕ್ಕೆ ಎದ್ದು ಕೂತರಂತೆ. ಎದೆ ನಡುವೆ ಭಾರ, ಮೈಯೆಲ್ಲ ಬೆವರು, ಎಡದವಡೆಯಲ್ಲಿ ಜೋಮು. ‘ಗ್ಯಾಸು ಕಣೇ, ರಾತ್ರಿ ಅವರೆಕಾಳು ಸಾರು ಜಾಸ್ತಿ ಆತು, ಒಂದು ಸೋಡಾ ತರ್ಸು’ ಅಂದರು. ಅತ್ತೆ ಸೋಡಾ ತರಿಸಲಿಲ್ಲ, ಆಟೊ ತರಿಸಿದರು. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದ ಹುಡುಗಿ ಕಾಗದ ನೋಡಿದವಳೇ ಡಾಕ್ಟರನ್ನು ಕೂಗಿದಳು. ಮಾವ ಈಗಲೂ ತೋಟಕ್ಕೆ ಹೋಗುತ್ತಾರೆ, ಎದೆಯಲ್ಲಿ ಒಂದು ಸ್ಟೆಂಟ್ ಇದೆ.

ಹೃದಯದ ಕೆಳಭಾಗಕ್ಕೆ ರಕ್ತ ಕಡಿಮೆಯಾದರೆ ಹೊಟ್ಟೆ ತೊಳಸುತ್ತದೆ, ತೇಗು ಬರುತ್ತದೆ, ವಾಂತಿಯೂ ಆಗುತ್ತದೆ. ತೇಗು ಬಂದ ಕೂಡಲೇ ‘ನೋಡು, ಗ್ಯಾಸೇ’ ಎಂದು ಸಮಾಧಾನಪಟ್ಟುಕೊಳ್ಳುತ್ತೇವೆ. ಮಧುಮೇಹ ಇರುವವರಲ್ಲಿ, ಹೆಂಗಸರಲ್ಲಿ, ವಯಸ್ಸಾದವರಲ್ಲಿ ಎದೆನೋವೇ ಇಲ್ಲದೆ ಬರೀ ಅಜೀರ್ಣದ ರೂಪದಲ್ಲಿ ಬರುವುದೂ ಉಂಟು. ಬೆವರು, ಏದುಸಿರು, ಕೈಗೋ ದವಡೆಗೋ ಹರಡುವ ನೋವು, ನಡೆದರೆ ಹೆಚ್ಚಾಗಿ ನಿಂತರೆ ಕಡಿಮೆಯಾಗುವ ಒತ್ತಡ, ಇವುಗಳಲ್ಲಿ ಒಂದಿದ್ದರೂ ಮೊದಲು ಇಸಿಜಿ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ಶುರುವಾದ ಮೇಲೆ ತಾಲ್ಲೂಕು ಆಸ್ಪತ್ರೆಗಳಲ್ಲೂ ಈ ವ್ಯವಸ್ಥೆ ಇದೆ. ಬರೀ ಗ್ಯಾಸ್ ಎಂದು ಗೊತ್ತಾದರೆ ನಾಚಿಕೆಪಡುವಂಥದ್ದೇನಿಲ್ಲ, ವಾಪಸು ಬಂದು ಕಾಫಿ ಕುಡಿಯಿರಿ.

3. ಎರಡು ವಾರ ಬರೆದಿಡಿ

ಯಾವ ಆಹಾರ ಆಗಿಬರುವುದಿಲ್ಲ ಎಂದು ಎಲ್ಲರೂ ಬಾಯಲ್ಲಿ ಹೇಳುತ್ತಾರೆ. ಬರೆದು ನೋಡಿದವರು ಕಡಿಮೆ. ನನ್ನ ಹಳೇ ಡೈರಿಯ ಒಂದು ಪುಟ ಹೀಗಿದೆ:

‘ಬುಧವಾರ. ರಾತ್ರಿ 11.40ಕ್ಕೆ ಮೂರು ಚಪಾತಿ, ಆಲೂಗಡ್ಡೆ ಪಲ್ಯ, ಮಿಕ್ಕಿದ್ದ ಬಿಸಿಬೇಳೆಭಾತ್. 12.15ಕ್ಕೆ ಮಲಗಿದೆ. 2.10ಕ್ಕೆ ಎಚ್ಚರ, ಗಂಟಲಲ್ಲಿ ಹುಳಿ. ಗುರುವಾರ. ವಾರದ ರಜೆ. ರಾತ್ರಿ 8ಕ್ಕೆ ಅದೇ ಬಿಸಿಬೇಳೆಭಾತ್, ಖಾರಬೂಂದಿ ಸಮೇತ. 11ಕ್ಕೆ ಮಲಗಿದೆ. ನಿದ್ದೆ ಚೆನ್ನಾಗಿ ಬಂತು.’

ನಾನು ವರ್ಷಗಟ್ಟಲೆ ಬೈದಿದ್ದು ಬಿಸಿಬೇಳೆಭಾತನ್ನು. ತಪ್ಪು ಗಡಿಯಾರದ್ದು. ತಿಂದದ್ದು, ಸಮಯ, ನಿದ್ದೆ, ಮಲ, ನುಂಗಿದ ಮಾತ್ರೆ, ಅಂದಿನ ಜಗಳ, ಈ ಆರನ್ನೂ ಬರೆಯಿರಿ. ಜಗಳವನ್ನು ಮಾತ್ರ ಬಿಡಬೇಡಿ, ಮುಂದೆ ಅದರ ಸರದಿ ಬರುತ್ತದೆ.

4. ರಾತ್ರಿಯೂಟಕ್ಕೂ ಹಾಸಿಗೆಗೂ ಮೂರು ಗಂಟೆ ಅಂತರವಿರಲಿ

ಅನ್ನನಾಳ ಜಠರಕ್ಕೆ ಸೇರುವಲ್ಲಿ ಒಂದು ಸ್ನಾಯುವಿನ ಬಿಗಿ ಇದೆ, ಚೀಲದ ಬಾಯಿಗೆ ಕಟ್ಟಿದ ದಾರದಂತೆ. ಅದು ಸಡಿಲವಾದಾಗ ಆಮ್ಲ ಮೇಲಕ್ಕೆ ಹರಿಯುತ್ತದೆ. ಬೊಜ್ಜು, ಬಸಿರು, ಸಿಗರೇಟು, ಮದ್ಯ, ವಿಪರೀತ ಎಣ್ಣೆಯ ಊಟ, ಸೊಂಟ ಹಿಂಡುವ ಬೆಲ್ಟು ಇವೆಲ್ಲ ಆ ದಾರವನ್ನು ಸಡಿಲಿಸುವ ಇಲ್ಲವೇ ಕೆಳಗಿನಿಂದ ಒತ್ತುವ ಕಾರಣಗಳು. ಕೂತಿದ್ದಾಗ, ನಿಂತಿದ್ದಾಗ ಭೂಮಿ ನಮ್ಮ ಕಡೆ. ಮಲಗಿದರೆ ಆ ಸಹಾಯವೂ ಇಲ್ಲ.

ಮೂರು ಗಂಟೆ ಆಗದಿದ್ದರೆ ಎರಡಾದರೂ ಇರಲಿ. ಎಡಮಗ್ಗುಲಲ್ಲಿ ಮಲಗಿ. ಜಠರದ ಆಕಾರವೇ ಹೇಗಿದೆಯೆಂದರೆ ಆ ಭಂಗಿಯಲ್ಲಿ ಆಮ್ಲ ಕೆಳಗೆ ನಿಲ್ಲುತ್ತದೆ, ಬಲಕ್ಕೆ ಹೊರಳಿದರೆ ಬಾಗಿಲಿಗೆ ಬರುತ್ತದೆ. ಮಂಚದ ತಲೆದಿಸೆಯ ಎರಡು ಕಾಲಿಗೆ ಇಟ್ಟಿಗೆ ಇಟ್ಟು ಅರ್ಧ ಅಡಿ ಎತ್ತರಿಸಿ. ದಿಂಬಿನ ಮೇಲೆ ದಿಂಬು ಪೇರಿಸಿದರೆ ಆಗದು. ಕತ್ತು, ಸೊಂಟ ಮಡಚಿಕೊಂಡು ಹೊಟ್ಟೆ ಇನ್ನಷ್ಟು ಹಿಂಡುತ್ತದೆ. ರಾತ್ರಿ ಪಾಳಿಯವರು ಮುಖ್ಯ ಊಟವನ್ನು ಕೆಲಸಕ್ಕೆ ಹೊರಡುವ ಮೊದಲೇ ಮುಗಿಸಿ, ಮನೆಗೆ ಬಂದ ಮೇಲೆ ಒಂದು ಲೋಟ ಮಜ್ಜಿಗೆಗೋ ಒಂದು ಬಾಳೆಹಣ್ಣಿಗೋ ನಿಲ್ಲಿಸಿ. ಹಸಿದು ಮಲಗಿದರೆ ಎದೆ ಉರಿಯುತ್ತದೆ ಎನ್ನುವವರಿದ್ದಾರೆ. ಹೊಟ್ಟೆ ಬಿರಿಯ ಉಂಡು ಮಲಗಿ ಉರಿಸಿಕೊಂಡವರ ಸಂಖ್ಯೆ ಅದಕ್ಕಿಂತ ಬಹಳ ದೊಡ್ಡದು.

5. ಹುಣ್ಣಿಗೆ ಮೆಣಸಿನಕಾಯಿಯನ್ನು ಬಯ್ಯುವ ಮುನ್ನ ಮಂಡಿನೋವಿನ ಮಾತ್ರೆ ನೋಡಿ

ಬ್ಯಾಡಗಿ ಮೆಣಸಿನಕಾಯಿ ಹುಣ್ಣು ಹುಟ್ಟಿಸುವುದಿಲ್ಲ. ಆಗಲೇ ಹುಣ್ಣಿದ್ದರೆ ಉರಿಸುತ್ತದೆ, ಅಷ್ಟೆ. ಜಠರದ ಹುಣ್ಣಿಗೆ ಎರಡು ದೊಡ್ಡ ಕಾರಣಗಳು: ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಮತ್ತು ನೋವಿನ ಮಾತ್ರೆ.

ಒತ್ತಡ ಮತ್ತು ಖಾರವೇ ಹುಣ್ಣಿಗೆ ಕಾರಣ ಎಂದು ಜಗತ್ತಿನ ವೈದ್ಯರೂ ಒಂದು ಕಾಲದಲ್ಲಿ ನಂಬಿದ್ದರು. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಬ್ಯಾಕ್ಟೀರಿಯಾದ ಮಾತೆತ್ತಿದಾಗ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾ ಬೆಳೆಸಿದ ದ್ರವವನ್ನು ತಾವೇ ಕುಡಿದುಬಿಟ್ಟರು. ಕೆಲವೇ ದಿನಗಳಲ್ಲಿ ವಾಂತಿ, ಜಠರದಲ್ಲಿ ಉರಿಯೂತ. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಈ ಬ್ಯಾಕ್ಟೀರಿಯಾ ನಮ್ಮಲ್ಲಿ ಬಹಳ ಮಂದಿಯ ಹೊಟ್ಟೆಯಲ್ಲಿದೆ, ಬಾಲ್ಯದಲ್ಲೇ ಸೇರಿಕೊಂಡಿರುತ್ತದೆ. ಹೆಚ್ಚಿನವರಿಗೆ ತೊಂದರೆ ಕೊಡುವುದಿಲ್ಲ. ತೊಂದರೆ ಕೊಟ್ಟವರಿಗೆ ಎರಡು ವಾರದ ಆ್ಯಂಟಿಬಯಾಟಿಕ್ ಚಿಕಿತ್ಸೆ ಇದೆ, ನಡುವೆ ಬಿಡಬಾರದು.

ನೋವಿನ ಮಾತ್ರೆಯದು ನಮ್ಮ ಮನೆಗಳ ಕತೆ. ಮಂಡಿನೋವಿಗೆ ಡೈಕ್ಲೋಫೆನಾಕ್, ತಲೆನೋವಿಗೆ ಐಬುಪ್ರೊಫೆನ್, ಚೀಟಿಯಿಲ್ಲದೆ ಅಂಗಡಿಯಿಂದ. ಈ ಮಾತ್ರೆಗಳು ಜಠರದ ಒಳಗೋಡೆಯ ಲೋಳೆಯ ಪದರವನ್ನು ತೆಳುವಾಗಿಸುತ್ತವೆ. ಅರವತ್ತು ದಾಟಿದವರು, ರಕ್ತ ತೆಳು ಮಾಡುವ ಮಾತ್ರೆ ನುಂಗುವವರು ಇವನ್ನು ವೈದ್ಯರನ್ನು ಕೇಳದೆ ಮುಟ್ಟಬಾರದು. ‘ಅಮ್ಮನಿಗೆ ಖಾರ ಆಗಲ್ಲ’ ಎಂದು ಸಾರು ಸಪ್ಪೆ ಮಾಡಿಕೊಟ್ಟು, ಕೈಗೆ ಡೈಕ್ಲೋಫೆನಾಕ್ ಕೊಡುವ ಮಕ್ಕಳನ್ನು ಕಂಡಿದ್ದೇನೆ.

6. ಆಮ್ಲದ ಮಾತ್ರೆ ಬೇಕಾದರೆ ಸರಿಯಾದ ಹೊತ್ತಿಗೆ ನುಂಗಿ, ಬೇಡವಾದಾಗ ಬಿಡಿ

ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಜಾತಿಯವು ಒಳ್ಳೆಯ ಔಷಧಿಗಳೇ. ಆದರೆ ತಿಂಡಿಗೆ ಅರ್ಧ ಗಂಟೆ ಮೊದಲು ನುಂಗಬೇಕು. ಉರಿ ಬಂದ ಮೇಲೆ, ಊಟವಾದ ಮೇಲೆ ನುಂಗಿದರೆ ಅರ್ಧ ವ್ಯರ್ಥ. ನಾಲ್ಕೋ ಎಂಟೋ ವಾರಕ್ಕೆ ಬರೆದುಕೊಟ್ಟದ್ದನ್ನು ನಾಲ್ಕು ವರ್ಷ ನುಂಗುವವರು ಬಿ12 ಮತ್ತು ಮೆಗ್ನೀಷಿಯಂ ಕೊರತೆಗೆ ಬೀಳಬಹುದು. ದಿಢೀರ್ ಎಂದು ಬಿಟ್ಟರೆ ಕೆಲವು ದಿನ ಆಮ್ಲ ಉಕ್ಕಿ ಬರುತ್ತದೆ. ‘ನೋಡು, ಮಾತ್ರೆ ಇಲ್ಲದೆ ಆಗಲ್ಲ’ ಎಂದು ಮತ್ತೆ ಶುರು. ವೈದ್ಯರನ್ನು ಕೇಳಿ ಹಂತಹಂತವಾಗಿ ಇಳಿಸಿ.

7. ನಾರಿನ ಲೆಕ್ಕವನ್ನು ಒಮ್ಮೆಯಾದರೂ ಹಾಕಿ

ದಿನಕ್ಕೆ 25ರಿಂದ 30 ಗ್ರಾಂ ನಾರು ಬೇಕು. ನಾವು ಎಷ್ಟು ತಿನ್ನುತ್ತಿದ್ದೇವೆ ನೋಡೋಣ.

ಪಾಲಿಶ್ ಮಾಡಿದ 100 ಗ್ರಾಂ ಅಕ್ಕಿಯಲ್ಲಿ ನಾರು 3 ಗ್ರಾಂ ಒಳಗೆ. ಅಷ್ಟೇ ತೂಕದ ರಾಗಿಯಲ್ಲಿ ಸುಮಾರು 11, ಜೋಳದಲ್ಲಿ ಸುಮಾರು 10, ತೊಗರಿಬೇಳೆಯಲ್ಲಿ 9. ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಅನ್ನ ತಿಳಿಸಾರು, ಸಂಜೆ ಬಿಸ್ಕತ್ತು, ರಾತ್ರಿ ಮತ್ತೆ ಅನ್ನ ಮೊಸರು. ಹೀಗೆ ಉಣ್ಣುವ ಮನೆಯಲ್ಲಿ ದಿನವಿಡೀ ಸೇರಿಸಿದರೂ 12 ದಾಟುವುದು ಕಷ್ಟ. ಅದೇ ಮನೆಯ ಮುತ್ತಜ್ಜ ಮಧ್ಯಾಹ್ನ ಒಂದು ಮುದ್ದೆ, ಬಸ್ಸಾರು, ಸೊಪ್ಪಿನ ಪಲ್ಯ ಉಂಡು ಎದ್ದರೆ ಒಂದೇ ಊಟದಲ್ಲಿ ಅದರ ಹತ್ತಿರ ಹೋಗಿಬಿಡುತ್ತಿದ್ದ. ಉತ್ತರ ಕರ್ನಾಟಕದ ತಟ್ಟೆಯಂತೂ ಇನ್ನೂ ಜಾಣತನದ್ದು: ಜೋಳದ ರೊಟ್ಟಿ, ಎಣಗಾಯಿ, ಮೇಲೆ ಹಸಿ ಮೆಂತ್ಯಸೊಪ್ಪು, ಮೂಲಂಗಿ, ಉಳ್ಳಾಗಡ್ಡಿ. ಸಲಾಡ್ ಎಂಬ ಹೆಸರಿಲ್ಲದೆ ಸಲಾಡ್ ತಿಂದ ಜನ.

ಬದಲಾವಣೆ ದೊಡ್ಡದು ಬೇಡ. ದಿನದ ಒಂದು ಅನ್ನದೂಟವನ್ನು ಮುದ್ದೆಗೋ ರೊಟ್ಟಿಗೋ ಬದಲಿಸಿ. ಸಾರಿನ ತಿಳಿ ಬಿಟ್ಟು ಗಟ್ಟಿ ಬಡಿಸಿಕೊಳ್ಳಿ. ಸಂಜೆಯ ಬಿಸ್ಕತ್ತಿನ ಜಾಗಕ್ಕೆ ಒಂದು ಸೀಬೆಹಣ್ಣು ಬರಲಿ, ಬೀಜ ಸಮೇತ. ಬೀಜ ಅಪೆಂಡಿಕ್ಸ್‌ಗೆ ಸಿಕ್ಕಿಕೊಳ್ಳುತ್ತದೆ ಎಂಬ ಹೆದರಿಕೆ ಬೇಡ. ‘ಮಲ್ಟಿಗ್ರೇನ್’ ಎಂದು ಬರೆದ ಬ್ರೆಡ್ಡಿನ ಪೊಟ್ಟಣ ತಿರುಗಿಸಿ ಓದಿ, ಮೊದಲ ಪದಾರ್ಥ ಮೈದಾ ಆಗಿದ್ದರೆ ಅಲ್ಲೇ ಇಡಿ.

8. ನಾರನ್ನು ಒಂದೇ ದಿನಕ್ಕೆ ಏರಿಸಬೇಡಿ

ನಿನ್ನೆವರೆಗೆ ಅನ್ನ ಉಂಡವರು ಇಂದಿನಿಂದ ಮೂರು ಹೊತ್ತು ಸಿರಿಧಾನ್ಯ ಎಂದರೆ ಹೊಟ್ಟೆ ಡೊಳ್ಳಾಗುತ್ತದೆ. ಕರುಳಿನ ಬ್ಯಾಕ್ಟೀರಿಯಾಗಳಿಗೆ ಹೊಸ ಮೇವು ಅಭ್ಯಾಸವಾಗಲು ಎರಡು ಮೂರು ವಾರ ಬೇಕು. ನೀರೂ ಜೊತೆಗೇ ಏರಬೇಕು. ಇಸಬ್‌ಗೋಲನ್ನು ಒಂದು ಗುಟುಕು ನೀರಲ್ಲಿ ನುಂಗುವವರಿದ್ದಾರೆ. ಅದು ಅನ್ನನಾಳದಲ್ಲೇ ಉಬ್ಬಿ ಕೂರುವ ಅಪಾಯವಿದೆ, ತುಂಬಿದ ಲೋಟ ನೀರು ಬೇಕೇ ಬೇಕು.

9. ಕಕ್ಕಸಿಗೆ ಕಾಲುಮಣೆ ಒಯ್ಯಿರಿ, ಮೊಬೈಲು ಬೇಡ

ದಿನಕ್ಕೊಮ್ಮೆ ಹೋಗಲೇಬೇಕು ಎಂಬ ಕಾನೂನಿಲ್ಲ. ದಿನಕ್ಕೆ ಮೂರು ಸಲದಿಂದ ವಾರಕ್ಕೆ ಮೂರು ಸಲದವರೆಗೆ ಎಲ್ಲವೂ ಸಹಜ. ಮುಖ್ಯ ಪ್ರಶ್ನೆ ಮಲ ಹೇಗಿದೆ ಎನ್ನುವುದು. ಇಂಗ್ಲೆಂಡಿನ ಬ್ರಿಸ್ಟಲ್ ನಗರದ ವೈದ್ಯರು 1997ರಲ್ಲಿ ಪ್ರಕಟಿಸಿದ ಏಳು ಚಿತ್ರಗಳ ಪಟ್ಟಿಯೊಂದಿದೆ. ಒಂದನೆಯದು ಆಡಿನ ಹಿಕ್ಕೆ, ಏಳನೆಯದು ಬರೀ ನೀರು, ಮೂರು ನಾಲ್ಕು ಆರೋಗ್ಯದ ಲಕ್ಷಣ. ಅಸಹ್ಯ ಪಡಬೇಡಿ. ಎಮ್ಮೆ ಸಗಣಿ ನೋಡಿ ಅದರ ಆರೋಗ್ಯ ಹೇಳುವ ಜನ ನಾವು, ನಮ್ಮದನ್ನು ಮಾತ್ರ ತಿರುಗಿ ನೋಡದೆ ಫ್ಲಶ್ ಮಾಡುತ್ತೇವೆ.

ತಿಂಡಿಯಾದ ಮೇಲೆ, ಬೆಳಗಿನ ಕಾಫಿಯಾದ ಮೇಲೆ ದೊಡ್ಡಕರುಳು ತಾನಾಗಿ ಚುರುಕಾಗುತ್ತದೆ. ಆ ಕರೆಯನ್ನು ‘ಬಸ್ಸು ತಪ್ಪುತ್ತೆ’ ಎಂದು ದಿನವೂ ತಡೆದರೆ ಕರುಳು ಕರೆಯುವುದನ್ನೇ ಬಿಡುತ್ತದೆ. ಕುಕ್ಕರಗಾಲಲ್ಲಿ ಕೂತರೆ ಗುದನಾಳ ನೇರವಾಗುತ್ತದೆ, ತಿಣುಕುವುದು ಕಡಿಮೆ. ಕಮೋಡು ಬಂದ ಮನೆಯಲ್ಲಿ ಕಾಲಡಿಗೆ ಮುಕ್ಕಾಲು ಅಡಿ ಎತ್ತರದ ಮಣೆ ಇಟ್ಟುಕೊಂಡರೆ ಅದೇ ಕೋನ ಸಿಗುತ್ತದೆ. ಮೊಬೈಲ್ ಹಿಡಿದು ಅರ್ಧ ಗಂಟೆ ಕೂರುವುದು ಮೂಲವ್ಯಾಧಿಗೆ ಕೊಟ್ಟ ಆಹ್ವಾನ.

ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ, ಕೆಲವು ನೋವುನಿವಾರಕ, ಥೈರಾಯ್ಡ್ ಕೊರತೆ, ಮಧುಮೇಹ ಇವೂ ಮಲ ಕಟ್ಟಿಸುತ್ತವೆ. ಪ್ರತಿ ಭಾನುವಾರ ಹರಳೆಣ್ಣೆ ಕುಡಿದು ‘ಹೊಟ್ಟೆ ಕ್ಲೀನ್’ ಮಾಡಿಕೊಳ್ಳುವವರಿಗೆ ಒಂದು ಮಾತು: ಕರುಳು ತನ್ನನ್ನು ತಾನೇ ತೊಳೆದುಕೊಳ್ಳುತ್ತದೆ, ಸರ್ವಿಸಿಂಗ್‌ಗೆ ಬಿಡಲು ಅದು ಸ್ಕೂಟರ್ ಅಲ್ಲ.

10. ಹಾಲು ಒಗ್ಗದಿದ್ದರೆ ಮಜ್ಜಿಗೆಗೆ ಬನ್ನಿ

ಎಳವೆ ದಾಟಿದ ಮೇಲೆ ಹಾಲಿನ ಸಕ್ಕರೆಯನ್ನು ಒಡೆಯುವ ಲ್ಯಾಕ್ಟೇಸ್ ಎಂಬ ಕಿಣ್ವ ಬಹಳ ಜನರಲ್ಲಿ ಇಳಿಯುತ್ತದೆ. ಉತ್ತರ ಭಾರತದವರಿಗಿಂತ ದಕ್ಷಿಣದವರಲ್ಲಿ ಇದು ಹೆಚ್ಚು. ರಾತ್ರಿ ಒಂದು ಲೋಟ ಹಾಲು ಕುಡಿದು ಬೆಳಿಗ್ಗೆ ಹೊಟ್ಟೆ ಗುಡುಗುಡು ಎಂದರೆ ಒಂದು ವಾರ ಹಾಲು ನಿಲ್ಲಿಸಿ ನೋಡಿ. ಮೊಸರಾಗುವಾಗ ಬ್ಯಾಕ್ಟೀರಿಯಾಗಳೇ ಸ್ವಲ್ಪ ಸಕ್ಕರೆ ತಿಂದು ಮುಗಿಸಿರುತ್ತವೆ, ಉಳಿದದ್ದನ್ನು ಹೊಟ್ಟೆಯೊಳಗೂ ಒಡೆಯಲು ನೆರವಾಗುತ್ತವೆ. ಹಾಗಾಗಿ ಹಾಲು ಆಗದವರಿಗೂ ಮೊಸರು, ಮಜ್ಜಿಗೆ, ಮಲೆನಾಡಿನ ತಂಬುಳಿ ಸಾಮಾನ್ಯವಾಗಿ ಆಗುತ್ತವೆ. ಕ್ಯಾಲ್ಸಿಯಂ ಚಿಂತೆಗೆ ರಾಗಿಯಿದೆ, 100 ಗ್ರಾಂನಲ್ಲಿ 350 ಮಿಲಿಗ್ರಾಂ ಹತ್ತಿರ.

11. ಕಾಳು ನೆನೆಸಿದ ನೀರು ಗಿಡಕ್ಕೆ ಹಾಕಿ

ಕಾಳಿನ ವಾಯುವಿಗೆ ಕಾರಣ ಅದರೊಳಗಿನ ಕೆಲವು ಸಕ್ಕರೆಗಳು. ಅವು ನಮ್ಮ ಸಣ್ಣಕರುಳಿನಲ್ಲಿ ಒಡೆಯುವುದಿಲ್ಲ, ದೊಡ್ಡಕರುಳಿನ ಬ್ಯಾಕ್ಟೀರಿಯಾಗಳಿಗೆ ಹಬ್ಬದೂಟ. ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಮೊಳಕೆ ಬರಿಸಿ ಬೇಯಿಸಿದರೆ ಆ ಸಕ್ಕರೆ ಗಣನೀಯವಾಗಿ ಇಳಿಯುತ್ತದೆ. ಮೊಳಕೆ ಹುರುಳಿಯ ಸಾರು ಮಾಡಿದವರು ಇದನ್ನು ಹೇಳದೇ ತಿಳಿದಿದ್ದರು. ಗಬಗಬ ನುಂಗುವುದು, ಉಣ್ಣುತ್ತಾ ಮಾತಾಡುವುದು, ಸೋಡಾ ಕುಡಿಯುವುದು ಇವುಗಳಿಂದ ಹೊರಗಿನ ಗಾಳಿಯೇ ಒಳಗೆ ಹೋಗುತ್ತದೆ. ಸೋಡಾದ ತೇಗು ಸೋಡಾದ್ದೇ.

12. ಕರುಳಿನ ಸಿಡುಕಿಗೆ ಜಗಳದ ಡೈರಿ ನೋಡಿ

ಪರೀಕ್ಷೆಯ ದಿನ ಭೇದಿ, ಊರಿಗೆ ಹೊರಡುವ ದಿನ ಮೂರು ಸಲ ಕಕ್ಕಸು. ಸ್ಕ್ಯಾನ್, ರಕ್ತ, ಎಂಡೋಸ್ಕೋಪಿ ಎಲ್ಲ ‘ನಾರ್ಮಲ್’. ಮನೆಯವರು ‘ಎಲ್ಲ ನಿನ್ನ ಮನಸ್ಸಿನಲ್ಲಿದೆ’ ಎನ್ನುತ್ತಾರೆ. ಅಲ್ಲ, ಕರುಳಿನಲ್ಲಿದೆ. ಐಬಿಎಸ್ ಎನ್ನುವ ಈ ತೊಂದರೆಯಲ್ಲಿ ಹುಣ್ಣಿಲ್ಲ, ಗಡ್ಡೆಯಿಲ್ಲ, ಆದರೆ ನೋವು ಸುಳ್ಳಲ್ಲ. ಮೂರು ತಿಂಗಳಿಂದ ಸರಾಸರಿ ವಾರಕ್ಕೊಂದು ದಿನವಾದರೂ ಹೊಟ್ಟೆನೋವು, ಅದು ಮಲದ ಜೊತೆ ತಳುಕು ಹಾಕಿಕೊಂಡಿದ್ದರೆ ವೈದ್ಯರು ಈ ದಿಕ್ಕಿನಲ್ಲಿ ಯೋಚಿಸುತ್ತಾರೆ. ಕರುಳಿನ ಗೋಡೆಯಲ್ಲಿ ಹತ್ತು ಕೋಟಿಗೂ ಮಿಕ್ಕಿ ನರಕೋಶಗಳಿವೆ, ಮಿದುಳಿನೊಂದಿಗೆ ದಿನವಿಡೀ ಮಾತುಕತೆ ನಡೆದೇ ಇರುತ್ತದೆ. ಒಮ್ಮೆ ಜೋರು ವಾಂತಿಭೇದಿಯಾಗಿ ಗುಣವಾದ ಮೇಲೆ ಇದು ಶುರುವಾಗುವುದೂ ಉಂಟು.

ಮೆಲ್ಬರ್ನ್‌ನ ಮೊನಾಷ್ ವಿಶ್ವವಿದ್ಯಾಲಯದವರು ರೂಪಿಸಿದ ‘ಫಾಡ್‌ಮ್ಯಾಪ್’ ಪಥ್ಯ ಇದರಲ್ಲಿ ಹಲವರಿಗೆ ನೆರವಾಗಿದೆ. ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಹಾಲು, ಕೆಲವು ಕಾಳು, ಮಾವು, ಸೇಬು ಮುಂತಾದವನ್ನು ಆರು ವಾರದವರೆಗೆ ಬಿಟ್ಟು, ಆಮೇಲೆ ಒಂದೊಂದಾಗಿ ವಾಪಸು ತಂದು ಯಾವುದು ತಪ್ಪಿತಸ್ಥ ಎಂದು ಹಿಡಿಯುವುದು. ಆಹಾರತಜ್ಞರ ಕೈಹಿಡಿದೇ ಮಾಡಬೇಕು. ಜನ್ಮಪೂರ್ತಿ ಬಿಟ್ಟರೆ ಕರುಳಿನ ಬ್ಯಾಕ್ಟೀರಿಯಾ ಹಸಿಯುತ್ತವೆ. ಈರುಳ್ಳಿಯಿಲ್ಲದೆ ಅಡುಗೆ ಹೇಗೆ ಎಂದು ಪಾಶ್ಚಾತ್ಯರು ತಲೆ ಕೆಡಿಸಿಕೊಂಡರು. ನಮ್ಮಲ್ಲಿ ಏಕಾದಶಿ ಮರುದಿನ ಪಾರಣೆಗೆ ಇಂಗು, ಶುಂಠಿ, ಕಾಯಿತುರಿಯಲ್ಲೇ ಹಬ್ಬದಡುಗೆ ಮುಗಿಸುವ ಮನೆಗಳಿವೆ. ಬೆಳ್ಳುಳ್ಳಿಯ ಪರಿಮಳ ಬೇಕೇ ಬೇಕೆಂದರೆ ಎಸಳನ್ನು ಎಣ್ಣೆಯಲ್ಲಿ ಬಿಸಿಮಾಡಿ ತೆಗೆದುಬಿಡಿ. ಹೊಟ್ಟೆ ಕೆಡಿಸುವ ಅಂಶ ನೀರಿನಲ್ಲಿ ಕರಗುತ್ತದೆ, ಎಣ್ಣೆಗೆ ಇಳಿಯುವುದಿಲ್ಲ. ಅಂಗಡಿಯ ಪುಡಿ ಇಂಗಿನಲ್ಲಿ ಮೈದಾ ಬೆರೆತಿರುತ್ತದೆ, ಗೋಧಿಯ ಅಂಟು ಆಗದ ಸೀಲಿಯಾಕ್ ರೋಗಿಗಳು ನೋಡಿ ಕೊಳ್ಳಬೇಕು.

13. ಭೇದಿಯಾದರೆ ಮೊದಲು ನೀರು, ಆಮೇಲೆ ಮಾತ್ರೆ

1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿತ್ತು. ಪಶ್ಚಿಮ ಬಂಗಾಳದ ಬೋಂಗಾಂವ್‌ನಲ್ಲಿ ಡ್ರಿಪ್ ಬಾಟಲಿಗಳು ಮುಗಿದವು. ಡಾ. ದಿಲೀಪ್ ಮಹಲನಬಿಸ್ ಉಪ್ಪು, ಅಡುಗೆ ಸೋಡಾ, ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮಿನಲ್ಲಿ ಇಟ್ಟು ಮನೆಯವರ ಕೈಯಲ್ಲೇ ರೋಗಿಗಳಿಗೆ ಕುಡಿಸಿದರು. ಶೇ 30ರ ಹತ್ತಿರವಿದ್ದ ಸಾವು ಶೇ 4ರ ಒಳಗೆ ಇಳಿಯಿತು. 2023ರಲ್ಲಿ ಅವರಿಗೆ ಮರಣೋತ್ತರ ಪದ್ಮವಿಭೂಷಣ ಬಂತು. ಆ ನೀರೇ ಇಂದಿನ ಒಆರ್‌ಎಸ್.

ದೊಡ್ಡ ಪೊಟ್ಟಣ ಒಂದು ಲೀಟರಿಗೆ, ಸಣ್ಣದು 200 ಮಿಲಿಗೆ. ಮೇಲಿರುವ ಅಳತೆ ನೋಡಿ ಇಡೀ ಪೊಟ್ಟಣವನ್ನು ಒಮ್ಮೆಗೇ ಬೆರೆಸಿ. ಅಂದಾಜಿನ ಮೇಲೆ ಅರ್ಧ ಲೋಟಕ್ಕೆ ಸುರಿದರೆ ಭೇದಿ ಹೆಚ್ಚುತ್ತದೆ. ಬೆರೆಸಿದ್ದು 24 ಗಂಟೆ ಮಾತ್ರ. ಪೊಟ್ಟಣ ಸಿಗದಿದ್ದರೆ ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಅಂಗಡಿಯಲ್ಲಿ ಡಬ್ಬಿಯಲ್ಲಿ ಬರುವ ಸಿಹಿ ಪಾನೀಯ ಒಆರ್‌ಎಸ್ ಅಲ್ಲ. ಅಂಥವುಗಳ ಮೇಲೆ ಒಆರ್‌ಎಸ್ ಎಂದು ಬರೆಯುವಂತಿಲ್ಲ ಎಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿತು. ಮಕ್ಕಳಿಗೆ ಊಟ, ಎದೆಹಾಲು ನಿಲ್ಲಿಸಬೇಡಿ. ಗಂಜಿ, ಮಜ್ಜಿಗೆ ಅನ್ನ ಕೊಡಿ. ವೈದ್ಯರು ಹೇಳುವ ಸತುವಿನ ಮಾತ್ರೆಯನ್ನು ಭೇದಿ ನಿಂತರೂ ಪೂರ್ತಿ ಮುಗಿಸಿ. ಮಗು ಮಂಕಾದರೆ, ಕಣ್ಣು ಗುಳಿಬಿದ್ದರೆ, ಉಚ್ಚೆ ಹೊಯ್ಯದಿದ್ದರೆ ಆಸ್ಪತ್ರೆಗೆ ಓಡಿ.

14. ಸೊಂಟಕ್ಕೆ ಟೇಪು ಹಿಡಿಯಿರಿ, ಕೆಲವು ಲಕ್ಷಣಗಳಿಗೆ ಒಂದು ದಿನವೂ ಕಾಯಬೇಡಿ

ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80. ಸೊಂಟ ಇದನ್ನು ದಾಟಿದ್ದರೆ ಲಿವರಿನಲ್ಲಿ ಕೊಬ್ಬು ಕೂಡಿರುವ ಸಾಧ್ಯತೆ ಹೆಚ್ಚು. ಮದ್ಯ ಮುಟ್ಟದವರಿಗೂ ಬರುತ್ತದೆ, ನೋವೇ ಇರುವುದಿಲ್ಲ. ತೂಕದ ನೂರರಲ್ಲಿ ಏಳರಿಂದ ಹತ್ತು ಪಾಲು ಇಳಿಸಿದರೆ ಲಿವರ್ ಚೇತರಿಸಿಕೊಳ್ಳುತ್ತದೆ. ಆದರೆ ನಿಧಾನ. ಉಪವಾಸ ಬಿದ್ದು ತಿಂಗಳಲ್ಲಿ ಹತ್ತು ಕಿಲೊ ಇಳಿಸಿದವರ ಪಿತ್ತಕೋಶದಲ್ಲಿ ಕಲ್ಲು ಕಟ್ಟಬಹುದು.

ಇನ್ನು ಕಾಯಬಾರದ ಲಕ್ಷಣಗಳು. ಮಲದಲ್ಲಿ ರಕ್ತ, ಅಥವಾ ಡಾಂಬರಿನಂತೆ ಕಪ್ಪಗಿನ ಅಂಟುಮಲ (ಕಬ್ಬಿಣದ ಮಾತ್ರೆ ನುಂಗುವವರಲ್ಲಿ ಕಪ್ಪಾಗುವುದು ಬೇರೆ). ಕಾಫಿಪುಡಿಯಂಥ ವಾಂತಿ. ನುಂಗಿದ್ದು ಎದೆಯಲ್ಲಿ ಸಿಕ್ಕಿಕೊಂಡಂತಾಗುವುದು, ಗುಟ್ಕಾ, ಬೀಡಿ, ಮದ್ಯದ ಚಟವಿದ್ದವರಿಗಂತೂ ವಿಶೇಷವಾಗಿ. ಕಾರಣವಿಲ್ಲದೆ ತೂಕ ಇಳಿಯುವುದು. ಕಾರಣ ಗೊತ್ತಾಗದ ರಕ್ತಹೀನತೆ. ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ. ಕಣ್ಣು ಹಳದಿ. ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದ ಅಜೀರ್ಣ ಅಥವಾ ಮಲಬದ್ಧತೆ. ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಆಗಿದ್ದರೆ ನಲವತ್ತಕ್ಕೇ ಎಚ್ಚರ. ರಕ್ತ ಕಂಡ ಕೂಡಲೇ ‘ಪೈಲ್ಸ್ ಇರಬೇಕು’ ಎಂದು ಗೋಡೆ ಮೇಲಿನ ಜಾಹೀರಾತಿನ ನಂಬರಿಗೆ ಫೋನು ಮಾಡಿ ಆರು ತಿಂಗಳು ಕಳೆಯುವವರು ನಮ್ಮ ನಡುವೆ ಬೇಕಾದಷ್ಟಿದ್ದಾರೆ.

ಎಂಡೋಸ್ಕೋಪಿ ಎಂದರೆ ಹೆದರುತ್ತೀರಿ, ನಾನೂ ಹೆದರಿದ್ದೆ. ಹಿಂದಿನ ರಾತ್ರಿ ಬೇಗ ಊಟ ಮುಗಿಸಿ ಖಾಲಿ ಹೊಟ್ಟೆಯಲ್ಲಿ ಹೋಗಬೇಕು. ಗಂಟಲಿಗೆ ಮರಗಟ್ಟಿಸುವ ಸ್ಪ್ರೇ ಹೊಡೆದು, ಎಡಮಗ್ಗುಲಿಗೆ ಮಲಗಿಸಿ, ಕಿರುಬೆರಳು ಗಾತ್ರದ ಕೊಳವೆ ಇಳಿಸುತ್ತಾರೆ. ಹತ್ತು ನಿಮಿಷದ ಕೆಲಸ. ಬೆಳಿಗ್ಗೆ ಎಂಟಕ್ಕೆ ಹೋದವನು ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿದ್ದೆ.